ಮೂರನೆಯ ಚಿತ್ರದ ಕೆಂಪು ಸುತ್ತು

ಚೌಕದಮ್ಮ ಎಂಬುದು ಅವಳ ಹೆಸರಲ್ಲ, ಅಡ್ಡಹೆಸರು. ಇಟ್ಟವರು ಯಾರು ಎಂದರೆ ಗಂಡ ತನ್ನ ಎದೆ ಮುಟ್ಟಿಕೊಳ್ಳುತ್ತಾನೆ. ಅವಳು ಮಾತ್ರ, ಇವರದೇನು ಮಹಾ, ಮದುವೆಗೆ ಮುಂಚೆಯೇ ಕಾರ್ಖಾನೆಯಲ್ಲಿ ಹಾಗೆ ಕರೆಯುತ್ತಿದ್ದರು ಎಂದು ತಳ್ಳಿಹಾಕುತ್ತಾಳೆ. ಅಂತೂ ಹೆಸರು ನಿಂತಿದೆ. ಅರವತ್ತೆರಡು ವರ್ಷದ, ಗಿಡ್ಡ ದೇಹದ, ಮಾತಿಗೆ ಮುಂಚೆ ಮೂಗು ಮುರಿಯುವ ಈ ಹೆಂಗಸು ಬದುಕಿನಲ್ಲಿ ಮಾಡಿದ್ದು ಒಂದೇ ಕೆಲಸ: ಹಾಳೆಯ ಮೇಲಿನ ಚೌಕ ತುಂಬುವುದು.

ಮೊದಲು ರತ್ನಗಂಬಳಿ ನೇಯುವ ಕಾರ್ಖಾನೆಯಲ್ಲಿ. ಚಿತ್ರಗಾರ ಒಂದು ಹೂವು ಬರೆದುಕೊಟ್ಟರೆ ಅದನ್ನು ಸಣ್ಣ ಚೌಕಗಳ ಹಾಳೆಗೆ ಇಳಿಸಿ, ಯಾವ ಚೌಕಕ್ಕೆ ಯಾವ ಬಣ್ಣ ಎಂದು ತುಂಬಿಕೊಡಬೇಕು. ನೇಯುವವರು ಆ ಹಾಳೆ ನೋಡಿಕೊಂಡು ಗಂಟು ಹಾಕುತ್ತಾರೆ. ಒಂದು ಚೌಕ ತಪ್ಪಿದರೆ ತಪ್ಪು ಒಂದಾಗಿ ಉಳಿಯುವುದಿಲ್ಲ, ಕಂಬಳಿಯ ಉದ್ದಕ್ಕೂ ಅದೇ ಹೂವು ಮೂಗು ಕೊಯ್ಸಿಕೊಂಡು ನಿಲ್ಲುತ್ತದೆ. ಅದಕ್ಕೇ ಅಲ್ಲೊಂದು ಕಟ್ಟಳೆಯಿತ್ತು. ಹಾಳೆಯಲ್ಲಿ ಯಾರೂ ಏನನ್ನೂ ಅಳಿಸುವಂತಿಲ್ಲ. ತಪ್ಪಾಗಿದ್ದರೆ ಆ ಚೌಕದ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಬೇಕು, ಅಷ್ಟೆ. ಕೆಂಪು ಸುತ್ತು ಕಂಡರೆ ಮುಂದಿನವರು ಸರಿಪಡಿಸಿಕೊಂಡು ನೇಯುತ್ತಾರೆ, ಯಾಕೆ ಏನು ಎಂದು ಕೇಳುವುದಿಲ್ಲ. ಸುತ್ತು ಹಾಕಿದವರ ಮಾತೇ ಕೊನೆ.

ಈ ಕೈ ನೋಡಿಯೇ ವಿಡಿಯೋ ಗೇಮ್ ಮಾಡುವವನೊಬ್ಬ ಅವಳನ್ನು ತನ್ನ ಕಂಪನಿಗೆ ಕರೆದದ್ದು. ಮೂವತ್ತೇಳು ವರ್ಷದ ಹಿಂದಿನ ಮಾತು. ಕಂಪನಿ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ, ಮೂರನೇ ಮಹಡಿಯ ಎರಡು ಕೋಣೆ, ಆರು ಜನ, ಬೆವರುವ ಎರಡು ಕಂಪ್ಯೂಟರ್. ಆಗಿನ ಆಟಗಳಲ್ಲಿ ಚಿತ್ರ ಎಂದರೂ ಚೌಕವೇ. ಹದಿನಾರು ಚೌಕ ಅಗಲ, ಇಪ್ಪತ್ತನಾಲ್ಕು ಚೌಕ ಎತ್ತರದೊಳಗೆ ಒಬ್ಬ ಮನುಷ್ಯ ಹಿಡಿಸಬೇಕು. ಅವನ ಮುಖಕ್ಕೆ ಸಿಗುವುದು ಐದಾರು ಚೌಕ, ಅದರಲ್ಲಿ ಕಣ್ಣಿಗೆ ಒಂದು. ಯಜಮಾನ ಅವಳ ಮುಂದೆ ಹಾಳೆ ಹರಡಿ, ಹೂವಿನ ಬದಲು ಮನುಷ್ಯನನ್ನು ಮಾಡಮ್ಮ, ಮಿಕ್ಕಿದ್ದು ನಮಗೆ ಬಿಡು ಎಂದನಂತೆ.

ಆಟದ ಹೆಸರು ನೂರು ಕೋಣೆ. ಹಾಳುಬಿದ್ದ ಒಂದು ದೊಡ್ಡ ಬಂಗಲೆ, ಅದರಲ್ಲಿ ನೂರು ಕೋಣೆ, ಒಬ್ಬನೇ ಒಬ್ಬ ದೀಪ ಹಚ್ಚುವವನು. ಕೋಣೆಯಿಂದ ಕೋಣೆಗೆ ಹೋಗಿ ದೀಪ ಹಚ್ಚುತ್ತಾ ಹೋಗಬೇಕು. ಎಣ್ಣೆ ಮುಗಿದರೆ ಹಿಂದಿನಿಂದ ಕತ್ತಲೆ ಬಂದು ಹಿಡಿಯುತ್ತದೆ. ಕೇಳಿದರೆ ಏನೂ ಇಲ್ಲ, ಕೂತರೆ ಏಳಲಾಗುವುದಿಲ್ಲ, ಅಂಥ ಆಟ.

ದೀಪದವನ ಮುಖ ಬಂತು, ಅಂಗಿ ಬಂತು, ಕೈಯಲ್ಲಿ ಲಾಂದ್ರ ಬಂತು. ನಡಿಗೆ ಮಾತ್ರ ಬರಲಿಲ್ಲ. ನಡಿಗೆಗೆ ನಾಲ್ಕು ಚಿತ್ರ: ಎಡಗಾಲು ಮುಂದೆ, ಕಾಲು ಜೋಡಿ, ಬಲಗಾಲು ಮುಂದೆ, ಮತ್ತೆ ಜೋಡಿ. ಒಂದರ ಹಿಂದೆ ಒಂದು ಓಡಿಸಿದರೆ ಮನುಷ್ಯ ನಡೆದಂತೆ ಕಾಣಬೇಕು. ಅವಳು ಮಾಡಿದವನು ಮೂರು ವಾರವಾದರೂ ನಡೆಯಲಿಲ್ಲ, ಒದ್ದೆ ನೆಲದ ಮೇಲೆ ಬಿಟ್ಟ ಸೋಪಿನ ಹಾಗೆ ಜಾರಿದ. ಯಜಮಾನ ದಿನವೂ ಬಂದು ನೋಡಿ, ಜೀವ ಇಲ್ಲಮ್ಮ ಇದರಲ್ಲಿ ಎಂದು ಹೋಗುವನು. ಅವಳಿಗೆ ಪಿತ್ತ ನೆತ್ತಿಗೇರುವುದು. ಐದು ಚೌಕದ ಮೂತಿಗೆ ಜೀವ ಎಲ್ಲಿಂದ ತರಲಿ ಎಂದು ಒಳಗೊಳಗೇ ಬೈಯುವಳು.

ಆಗ ಅವಳ ತಮ್ಮನಿದ್ದ. ಅಪ್ಪ ಅಮ್ಮ ಹೋದಮೇಲೆ ಮನೆಯಲ್ಲಿ ಅವರಿಬ್ಬರೇ. ತಮ್ಮ ಎರಡು ಬೀದಿ ಆಚೆ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ದುಡಿಯುತ್ತಿದ್ದ. ಬೆರಳುಗಳಲ್ಲಿ ಸದಾ ಅಂಟಿನ ವಾಸನೆ. ಹುಟ್ಟಿನಿಂದಲೇ ಅವನ ಬಲಗಾಲು ಎಡಗಾಲಿಗಿಂತ ಒಂದು ಬೆರಳಿನಷ್ಟು ಗಿಡ್ಡ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅವನಂತೂ ಮಾತಾಡುತ್ತಲೇ ಇರಲಿಲ್ಲ. ಸಂಜೆ ನಾಲ್ಕಕ್ಕೆ ಅವಳ ಕೆಲಸ ಬಿಡುವ ಹೊತ್ತಿಗೆ ಅವನು ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಲ್ಲುವನು, ಇಬ್ಬರೂ ಸೇರಿ ಮನೆಗೆ ನಡೆಯುವರು. ಕೆಳಗೇ ನಿಂತು ಕೂಗಬಾರದೇನೋ ಎಂದರೆ, ನೀನು ಇಳಿದು ಬರೋ ಹೊತ್ತಿಗೆ ನಾನು ಹತ್ತಿರ್ತೀನಿ ಎಂದು ನಗುವನು. ಅವನು ಕಾಣುವ ಮೊದಲೇ ಕಿವಿಗೆ ಬೀಳುವನು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ, ನಡುವೆ ಒಂದು ಸಣ್ಣ ಎಳೆತ.

ಒಂದು ದಿನ ಹೀಗೇ ಅವನು ಓಣಿಯಂಥ ಮೊಗಸಾಲೆಯಲ್ಲಿ ನಡೆದು ಬರುತ್ತಿದ್ದಾಗ ಅವಳು ಹಾಳೆಯಿಂದ ತಲೆಯೆತ್ತಿ ನೋಡಿದಳು. ದಿನಾ ನೋಡುವ ತಮ್ಮನೇ. ಆದರೆ ಅವತ್ತು ಅವಳ ಕಣ್ಣಿಗೆ ಅವನು ಚೌಕಗಳಾಗಿ ಬಿದ್ದ. ಮಾರನೆಯ ದಿನ ಅವಳು ಮೂರನೆಯ ಚಿತ್ರದಲ್ಲಿ, ಬಲಗಾಲು ಮುಂದಿಡುವ ಕಡೆ, ಇಡೀ ಮನುಷ್ಯನನ್ನು ಒಂದು ಚೌಕ ಕೆಳಗಿಳಿಸಿದಳು. ಒಂದೇ ಚೌಕ. ಓಡಿಸಿ ನೋಡಿದರೆ ಪರದೆಯ ಮೇಲೆ ದೀಪದವನು ಭೂಮಿಯ ಮೇಲೆ ಭಾರ ಬಿಟ್ಟು ನಡೆಯತೊಡಗಿದ. ಯಜಮಾನ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ. ಆರು ಜನವೂ ಚಪ್ಪಾಳೆ ತಟ್ಟಿದರು. ಅವಳಿಗೆ ಎದೆ ಉಬ್ಬಿತು, ಸುಳ್ಳೇಕೆ. ತಮ್ಮನಿಗೆ ಹೇಳಬೇಕು ಅನ್ನಿಸಲೇ ಇಲ್ಲ. ಹೇಳುವಂಥ ವಿಷಯ ಎಂದೇ ಹೊಳೆಯಲಿಲ್ಲ.

ಆಟ ಊರೂರು ಸುತ್ತಿತು. ಬೀದಿಬೀದಿಯ ಗೇಮ್ ಅಂಗಡಿಗಳಲ್ಲಿ ಮಕ್ಕಳು ಸಾಲು ನಿಂತು ಆಡಿದರು, ದೀಪದವನಿಗೆ ಕುಂಟಣ್ಣ ಎಂದು ಹೆಸರಿಟ್ಟರು. ಪ್ರೀತಿಯ ಹೆಸರೇ. ಆದರೆ ಬೈಂಡಿಂಗ್ ಅಂಗಡಿಯ ಪಕ್ಕದಲ್ಲೂ ಅಂಥದೊಂದು ಅಂಗಡಿಯಿತ್ತು. ಒಂದು ಮಧ್ಯಾಹ್ನ ತಮ್ಮ ಅಲ್ಲಿಗೆ ಹೋಗಿದ್ದಾನೆ, ಅಕ್ಕ ಮಾಡಿದ ಆಟ ನೋಡೋಣ ಎಂದು. ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಒಬ್ಬ ಪೋರ ಪರದೆ ನೋಡಿದ, ಇವನ ಕಾಲು ನೋಡಿದ, ಕುಂಟಣ್ಣ ಹೊರಗೆ ಬಂದುಬಿಟ್ಟ ಎಂದ. ಅಂಗಡಿಗೆ ಅಂಗಡಿಯೇ ನಕ್ಕಿತು.

ಅವತ್ತು ಮನೆಗೆ ಬಂದು, ಊಟಕ್ಕೆ ಕೂತು, ಅರ್ಧ ಊಟದಲ್ಲಿ ಕೈ ನಿಲ್ಲಿಸಿ ತಮ್ಮ ಕೇಳಿದ.

"ಅಕ್ಕಾ, ಆ ಆಟದವನು ನಾನಾ?"

ಕೋಪವಿರಲಿಲ್ಲ ದನಿಯಲ್ಲಿ. ಅದೇ ಅವಳನ್ನು ಹೆದರಿಸಿದ್ದು. ಬೈದಿದ್ದರೆ ಅವಳೂ ಬೈದು, ಆಮೇಲೆ ಅತ್ತು, ಹೌದು ಕಣೋ ಎಂದುಬಿಡುತ್ತಿದ್ದಳೇನೋ.

"ಛೆ, ಎಲ್ಲಿಂದ ಎಲ್ಲಿಗೋ ನಿನ್ನ ತಲೆ. ಚೌಕ ಎಣಿಸುವಾಗ ತಪ್ಪಿದೀನಿ. ಮೂರನೇ ಚಿತ್ರದಲ್ಲಿ ಒಂದು ಚೌಕ ಕೆಳಗೆ ಇಳಿದುಬಿಟ್ಟಿದೆ. ನನಗೇ ನಾಚಿಕೆ ಆಗ್ತಿದೆ."

ಹಾಗಾದರೆ ಸರಿ ಎಂದು ತಮ್ಮ ಊಟ ಮುಗಿಸಿದ. ಅವಳು ಅಷ್ಟಕ್ಕೇ ಬಿಡಲಿಲ್ಲ. ಸುಳ್ಳಿಗೆ ಸಾಕ್ಷಿ ಬೇಕಲ್ಲ. ಮರುದಿನ ಮೂಲ ಹಾಳೆ ತೆಗೆದು, ಮೂರನೆಯ ಚಿತ್ರದ ಬಲಪಾದಕ್ಕೆ ಕೆಂಪು ಶಾಯಿಯಲ್ಲಿ ದುಂಡಗೆ ಒಂದು ಸುತ್ತು ಹಾಕಿ, ಬದಿಯಲ್ಲಿ ತಪ್ಪು ಎಂದು ಬರೆದು, ಸಂಜೆ ಅವನಿಗೆ ತೋರಿಸಿದಳು. ನೋಡು, ಅಳಿಸೋ ಹಾಗಿಲ್ಲ, ಸುತ್ತು ಹಾಕಿದೀನಿ ಎಂದಳು. ಅವನು ತಲೆಯಾಡಿಸಿದ. ಆದರೆ ಅಂದಿನಿಂದ ಅವನು ಮೂರು ಮಹಡಿ ಹತ್ತಿ ಬರಲಿಲ್ಲ. ನಾಲ್ಕಕ್ಕೆ ಕೆಳಗೆ ಬೀದಿಯಲ್ಲಿ, ದೀಪದ ಕಂಬಕ್ಕೆ ಒರಗಿ ಕಾಯುತ್ತಿದ್ದ. ನಂಬಿದನೋ, ನಂಬದೆ ಸುಮ್ಮನಾದನೋ, ಕೇಳುವ ಧೈರ್ಯ ಅವಳಿಗಿರಲಿಲ್ಲ. ಎರಡು ವರ್ಷದಲ್ಲಿ ಒಂದು ಜ್ವರ ಬಂತು, ಎಂಟು ದಿನ ಮಲಗಿದ, ಹೋದ. ಇಪ್ಪತ್ತೈದು ತುಂಬಿರಲಿಲ್ಲ.

ಅವನ ಏಳು ಫೋಟೋ ಉಳಿದವು. ಕೆಲವುಗಳಲ್ಲಿ ಕೂತಿದ್ದಾನೆ, ಕೆಲವುಗಳಲ್ಲಿ ನಿಂತಿದ್ದಾನೆ. ಫೋಟೋದಲ್ಲಿ ಯಾರೂ ಕುಂಟುವುದಿಲ್ಲ.

ತಮ್ಮ ಹೋದ ಹದಿನೈದನೆಯ ದಿನವೋ ಏನೋ, ಅವಳು ಕೆಲಸಕ್ಕೆ ಮರಳಿದ್ದಳು. ನಾಲ್ಕಕ್ಕೆ ಕುಂಚ ತೊಳೆಯುತ್ತಿದ್ದಾಗ ಮೆಟ್ಟಿಲ ಮೇಲೆ ಕೇಳಿಸಿತು. ಒಂದು ಗಟ್ಟಿ, ಒಂದು ಮೆತ್ತಗೆ, ನಡುವೆ ಎಳೆತ. ಅವಳು ಏನನ್ನೂ ಯೋಚಿಸದೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದಳು. ಮೆಟ್ಟಿಲು ಖಾಲಿ. ಆಮೇಲೆ ಅದು ನಿಲ್ಲಲಿಲ್ಲ. ಕಂಪನಿ ಮುಚ್ಚಿತು, ಅವಳು ಮದುವೆಯಾಗಿ ಬೇರೆ ಮನೆಗೆ ಬಂದಳು, ಅದೂ ಬಂತು. ದಿನವೂ ಅಲ್ಲ, ವಾರಕ್ಕೆ ಎರಡು ಮೂರು ಸಲ, ನಾಲ್ಕರ ಆಸುಪಾಸು. ಹತ್ತಿ ಬರುತ್ತದೆ, ಬಾಗಿಲ ಹತ್ತಿರ ನಿಲ್ಲುತ್ತದೆ, ಬಾಗಿಲು ಬಡಿಯುವುದಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವ ಸದ್ದಿಗೂ ಒಂದು ಬೋಲ್ಟು ಕಾರಣ ಎಂದು ನಂಬಿದ ಮನುಷ್ಯ. ಯಾರೋ ಬಂದ ಹಾಗಾಯಿತು ಎಂದು ಹೆಂಡತಿ ನಾಲ್ಕು ಗಂಟೆಗೆ ಬಾಗಿಲು ನೋಡುವುದು ಕಂಡು, ಅದು ನೀರಿನ ಪೈಪು ಬಡಿದುಕೊಳ್ಳುವುದು, ನಾಲ್ಕಕ್ಕೆ ಪಂಪು ಹಾಕುತ್ತಾರಲ್ಲ ಎಂದು ತೀರ್ಪು ಕೊಟ್ಟು, ಎರಡು ಸಲ ಪೈಪು ಬಿಚ್ಚಿ ಕಟ್ಟಿದ. ಎರಡನೆಯ ಸಲ ಕೆಳಗಿನ ಮನೆಯವರ ಅಡುಗೆಮನೆ ತುಂಬ ನೀರು. ಅವರು ಆರು ತಿಂಗಳು ಇವನ ಜೊತೆ ಮಾತು ಬಿಟ್ಟರು. ಚೌಕದಮ್ಮ ಇದೆಲ್ಲ ನೋಡಿ ನಕ್ಕಳೇ ಹೊರತು ಅಸಲು ಮಾತು ಹೇಳಲಿಲ್ಲ. ಗಂಡನಿಗೆ ಭಾವಮೈದುನನೊಬ್ಬ ಇದ್ದನೆಂದು ಗೊತ್ತು, ಜ್ವರದಲ್ಲಿ ಹೋದನೆಂದು ಗೊತ್ತು. ಅಲ್ಲಿಗೆ ಮುಗಿಯಿತು.

ಹೋದ ವರ್ಷ ಫೋನು ಬಂತು. ನೂರು ಕೋಣೆ ಆಟದ ಹಕ್ಕು ಕೈಯಿಂದ ಕೈಗೆ ಹೋಗಿ ಈಗೊಂದು ದೊಡ್ಡ ಕಂಪನಿಯ ಪಾಲಾಗಿದೆ, ಅವರು ಅದನ್ನು ಹೊಸದಾಗಿ ಮಾಡುತ್ತಿದ್ದಾರೆ, ರೀಮಾಸ್ಟರ್ ಎನ್ನುತ್ತಾರಂತೆ. ಮೂಲ ಹಾಳೆಗಳು ನಿಮ್ಮ ಹತ್ತಿರ ಇವೆಯಂತಲ್ಲ, ತಂದು ತೋರಿಸುತ್ತೀರಾ ಎಂದು ಕೇಳಿದರು. ಕಂಪನಿ ಮುಚ್ಚುವಾಗ ಯಜಮಾನ ಕೊಟ್ಟ ಟ್ರಂಕು ಮಂಚದ ಕೆಳಗೆ ಹಾಗೇ ಇತ್ತು. ಗಂಡ ಅದನ್ನು ಎಳೆದು ತೆಗೆದು, ಇಷ್ಟು ವರ್ಷ ಇದರ ಮೇಲೆ ಮಲಗಿದ್ದೆವಲ್ಲೇ ಎಂದು ಸೊಂಟ ಹಿಡಿದುಕೊಂಡ.

ಹೊಸ ಕಂಪನಿಯ ಮುಖ್ಯ ಚಿತ್ರಕಾರ್ತಿ ಒಬ್ಬ ಹುಡುಗಿ. ಹುಡುಗಿ ಎನ್ನುವುದು ಚೌಕದಮ್ಮನ ಲೆಕ್ಕ, ಅವಳಿಗೂ ಮೂವತ್ತೈದರ ಮೇಲಾಗಿದೆ. ಚಿಕ್ಕಂದಿನಲ್ಲಿ ಈ ಆಟ ಆಡಿ ಕಣ್ಣು ಕೆಡಿಸಿಕೊಂಡೆ ಎಂದು ದಪ್ಪ ಕನ್ನಡಕ ತೆಗೆದು ತೋರಿಸಿದಳು. ಹಾಳೆಗಳನ್ನು ಒಂದೊಂದಾಗಿ ಅಂಚು ಹಿಡಿದು ಮೇಜಿನ ಮೇಲೆ ಹರಡಿದಳು. ಕಂಪನಿಯೊಳಗೇ ಎರಡು ಪಕ್ಷ ಎಂದು ಹೇಳಿದಳು. ಈಗಿನ ದೊಡ್ಡ ಪರದೆಗೆ ಆ ಚೌಕಗಳು ಕೊಳಕು ಕಾಣುತ್ತವೆ, ಎಲ್ಲ ತಿದ್ದಿ ತೀಡಿ ಕೊಡೋಣ ಎನ್ನುವವರು ಒಂದು ಕಡೆ. ಹಳೆಯದನ್ನು ಅದರ ಪಾಡಿಗೆ ಬಿಡಿ ಎನ್ನುವವರು ಇನ್ನೊಂದು ಕಡೆ, ಅವರಲ್ಲಿ ಅವಳೂ ಒಬ್ಬಳು. ಕೆಲಸ ಮಾತ್ರ ಅವಳ ತಲೆಗೇ ಬಿದ್ದಿದೆ.

"ಸುಣ್ಣ ಹೊಡೀತೀವಿ ಅಂತ ಹೋಗ್ತೀವಮ್ಮ. ಹೋಗಿ, ಯಾರದೋ ಮಕ್ಕಳು ಎಷ್ಟೆತ್ತರ ಬೆಳೆದ್ರು ಅಂತ ಗೋಡೆ ಮೇಲೆ ಹಾಕಿರೋ ಗೆರೆನೂ ಅಳಿಸಿ ಬರ್ತೀವಿ," ಎಂದಳು.

ಅಷ್ಟರಲ್ಲಿ ನಡಿಗೆಯ ಹಾಳೆ ಮೇಲೆ ಬಂತು. ಮೂರನೆಯ ಚಿತ್ರದ ಕಾಲಿಗೆ ಕೆಂಪು ಸುತ್ತು. ಶಾಯಿ ಮಾಸಿರಲಿಲ್ಲ. ಹುಡುಗಿ ಇದೇನು ಎಂದು ಕೇಳಿದಳು. ಆಡುವವರಿಗೆಲ್ಲ ಅವನು ಕುಂಟುವುದೇ ಇಷ್ಟ, ಬೇಕೆಂದೇ ಇಟ್ಟದ್ದು ಎಂದು ಕೆಲವರು, ತಪ್ಪಿ ಬಂದದ್ದು ಎಂದು ಕೆಲವರು, ವರ್ಷಗಟ್ಟಲೆ ಜಗಳವಾಡಿದ್ದಾರಂತೆ. ನೀವು ಹೇಳಿದ್ದೇ ಕೊನೆ ಎಂದಳು.

ಹೇಳುವುದಿದ್ದರೆ ಅದೇ ಸಮಯ. ಚೌಕದಮ್ಮ ಹಾಳೆ ನೋಡಿದಳು. ಅವಳ ಮನಸ್ಸಿಗೆ ಬಂದದ್ದು ಬೇರೆಯೇ. ಮೂವತ್ತೈದು ವರ್ಷದಿಂದ ಇವನು ಯಾರ ಯಾರದೋ ಮನೆಯಲ್ಲಿ ಕುಂಟುತ್ತಲೇ ಇದ್ದಾನೆ. ಯಾರು ಯಾರೋ ನಗುತ್ತಲೇ ಇದ್ದಾರೆ. ಸಾಕು. ಒಂದು ಸಲ ನೆಟ್ಟಗೆ ನಡೆದುಬಿಡಲಿ, ನನ್ನನ್ನೂ ಬಿಟ್ಟುಬಿಡಲಿ. ತಪ್ಪು ಎಂದಳು. ಎಣಿಕೆ ತಪ್ಪಿದ್ದು, ಸರಿ ಮಾಡಿ ಎಂದಳು. ಹುಡುಗಿಯ ಮುಖ ಸಣ್ಣಗಾಯಿತು. ಆಡುವವರಿಗೆ ಬೇಜಾರಾಗುತ್ತದೆ, ಹಾಗೇ ಬಿಡೋಣವೇ ಎಂದು ಎರಡು ಸಲ ಕೇಳಿದಳು. ಬರೆದವಳು ನಾನೇ ಹೇಳುತ್ತಿದ್ದೇನಲ್ಲ ಎಂದು ಚೌಕದಮ್ಮ ರೇಗಿದಳು. ತಪ್ಪುಗಳ ಪಟ್ಟಿಯಲ್ಲಿ ನಲವತ್ತೊಂದನೆಯದಾಗಿ ಅದನ್ನು ಬರೆದು, ಕೆಳಗೆ ಅವಳ ಸಹಿ ತೆಗೆದುಕೊಂಡರು.

ತಿಂಗಳು ಕಳೆದು ಮತ್ತೆ ಕರೆಸಿದರು. ಕತ್ತಲು ಮಾಡಿದ ಕೋಣೆಯಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹೊಸ ದೀಪದವನು ಬಂದ. ಅಂಗಿಯ ನೆರಿಗೆ ಕಾಣುತ್ತಿತ್ತು, ಲಾಂದ್ರದ ಗಾಜಿನಲ್ಲಿ ಮಸಿ ಕಾಣುತ್ತಿತ್ತು. ಐದು ಚೌಕವಿದ್ದ ಕಡೆ ಈಗ ಮೂಗು, ತುಟಿ, ಗಡ್ಡ ಎಲ್ಲ ಬಂದಿತ್ತು. ಅವನು ಮೊಗಸಾಲೆಯ ಆ ತುದಿಯಿಂದ ಈ ತುದಿಗೆ ನೆಟ್ಟಗೆ, ಒಂದೇ ಸಮನೆ ನಡೆದುಕೊಂಡು ಬಂದು, ಅವಳ ಮುಂದೆ ನಿಂತು, ತಿರುಗಿ ಹೋದ. ಯಾರೋ ಏನೋ. ತನ್ನ ತಮ್ಮನ ಅಂಗಿ ಹಾಕಿಕೊಂಡ ಗೊತ್ತಿಲ್ಲದವನೊಬ್ಬ ಮನೆಯೊಳಗೆ ಓಡಾಡಿದಂತೆ ಅವಳಿಗೆ ಮೈ ಜುಮ್ಮೆಂದಿತು. ಹೇಗಿದೆ ಎಂದರು. ಚೆನ್ನಾಗಿದೆ ಎಂದಳು. ಬಸ್ಸು ಹಿಡಿದು ಮನೆಗೆ ಬಂದಾಗ ಮೂರೂವರೆ.

ನಾಲ್ಕಾಯಿತು. ಏನೂ ಕೇಳಲಿಲ್ಲ. ಇವತ್ತಿಲ್ಲದಿದ್ದರೆ ನಾಳೆ ಎಂದುಕೊಂಡಳು. ನಾಳೆಯೂ ಇಲ್ಲ. ಒಂದು ವಾರವಾಯಿತು. ಎರಡನೆಯ ವಾರ ಅವಳು ಕುರ್ಚಿಯನ್ನು ಬಾಗಿಲ ಪಕ್ಕಕ್ಕೇ ಎಳೆದುಕೊಂಡು, ಮೂರು ಗಂಟೆಯಿಂದಲೇ ಕೂರತೊಡಗಿದಳು. ಪಂಪು ಹಾಕುತ್ತಾರೆ, ನೀರು ಏರುತ್ತದೆ, ಕೆಳಗಿನ ಮನೆಯ ಮಗು ಅಳುತ್ತದೆ, ಎಲ್ಲ ಕೇಳಿಸುತ್ತದೆ. ಮೆಟ್ಟಿಲು ಮಾತ್ರ ಸತ್ತುಹೋಗಿತ್ತು. ಇಷ್ಟು ವರ್ಷ ಯಾವುದನ್ನು ಪೀಡೆ ಎಂದುಕೊಂಡಿದ್ದಳೋ ಅದರಲ್ಲೇ ಅವನು ಇದ್ದ ಎಂದು ಅವಳಿಗೆ ಆಗ ಗೊತ್ತಾಯಿತು. ಜ್ವರ ತೆಗೆದುಕೊಂಡು ಹೋದದ್ದು ಒಂದು ಸಲ. ಈ ಸಲ ಕಳಿಸಿದವಳು ಅವಳೇ, ಸಹಿ ಹಾಕಿ.

ಗಂಡ ಬೆಪ್ಪನಲ್ಲ. ಹದಿನಾರನೆಯ ದಿನ ಬಂದು ಅವಳ ಎದುರು ನೆಲದ ಮೇಲೆ ಕೂತ. ನಾಲ್ಕು ಗಂಟೆಗೆ ಬಾಗಿಲು ನೋಡಿದ ಮೇಲೆ ನಿನ್ನ ಮುಖದಲ್ಲಿ ಒಂದು ಬೆಳಕು ಬಂದು ಹೋಗ್ತಿತ್ತು, ಈಗ ಯಾಕೆ ಇಲ್ಲ ಎಂದು ಕೇಳಿದ. ಅವಳು ಹೇಳಿದಳು. ತಮ್ಮ ಊಟದಲ್ಲಿ ಕೈ ನಿಲ್ಲಿಸಿ ಕೇಳಿದ್ದು, ತಾನು ಹೇಳಿದ ಸುಳ್ಳು, ಸುತ್ತು, ಮೆಟ್ಟಿಲ ಮೇಲಿನ ಹೆಜ್ಜೆ, ಸಹಿ, ಎಲ್ಲ ಬಂತು.

"ಅಲ್ವೇ, ಎರಡು ಸಲ ಪೈಪು ಬಿಚ್ಚಿದ್ನಲ್ಲ, ಆಗಲಾದರೂ ಹೇಳಬಾರದಿತ್ತಾ," ಎಂದ. ಆಮೇಲೆ ಎದ್ದು ಅವಳ ಚಪ್ಪಲಿ ತಂದು ಮುಂದಿಟ್ಟ.

ಕಂಪನಿಗೆ ಹೋದಾಗ ಹುಡುಗಿ ಕಂಪ್ಯೂಟರಿನ ಮುಂದೆ ಏನೋ ತಿನ್ನುತ್ತಾ ಕೂತಿದ್ದಳು. ಚೌಕದಮ್ಮ ಪಟ್ಟಿ ಕೇಳಿ ಇಸಿದುಕೊಂಡು, ನಲವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದು ತಪ್ಪಲ್ಲ ಕಣಮ್ಮ. ನನ್ನ ತಮ್ಮ ಹಾಗೇ ನಡೀತಿದ್ದ. ನೋಡಿಯೇ ಬರೆದೆ. ಅವನು ಕೇಳಿದಾಗ ಇಲ್ಲ ಅಂದೆ, ಆಮೇಲೆ ಈ ಕೆಂಪು ಸುತ್ತು ಹಾಕಿದೆ. ತಪ್ಪು ಇದ್ದರೆ ಆ ಸುತ್ತೇ ತಪ್ಪು."

ಅಷ್ಟು ಹೇಳಲು ಮೂವತ್ತೈದು ವರ್ಷ ಹಿಡಿದಿತ್ತು, ಹೇಳಿದ್ದು ಅರ್ಧ ನಿಮಿಷ. ಹುಡುಗಿ ಕನ್ನಡಕ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಖುಷಿಯಾಗಿ ಕುಣಿಯುತ್ತಾಳೆ ಎಂದುಕೊಂಡಿದ್ದರೆ, ಕೊನೆಗೆ ಹೇಳಿದ್ದು ಬೇರೆ. ಹಳೆಯದರಲ್ಲಿ ನಾಲ್ಕೇ ಚಿತ್ರ, ಒಂದು ಚೌಕ ಇಳಿಸಿದರೆ ಮುಗಿಯುತ್ತಿತ್ತು, ಮಿಕ್ಕದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತಿತ್ತು. ಹೊಸದರಲ್ಲಿ ಒಂದು ಹೆಜ್ಜೆಗೆ ಹತ್ತಾರು ಚಿತ್ರ. ಪಾದ ಹೇಗೆ ಏಳುತ್ತದೆ, ಭಾರ ಎಲ್ಲಿ ಬೀಳುತ್ತದೆ, ಹೆಗಲು ಯಾವ ಕಡೆ ವಾಲುತ್ತದೆ, ಎಲ್ಲ ಬೇಕು. ಊಹೆ ಮಾಡಿ ಬರೆಯುವುದಕ್ಕಾಗುವುದಿಲ್ಲ, ಯಾರಾದರೂ ಕ್ಯಾಮೆರಾದ ಮುಂದೆ ನಡೆದು ತೋರಿಸಬೇಕು.

ನೆಟ್ಟಗಿನ ನಡಿಗೆಗೆ ನಡೆದಿದ್ದ ನಾಟಕದ ನಟನನ್ನೇ ಕರೆಸಿದರು. ಉದ್ದನೆಯ ಹಜಾರ, ಸುತ್ತ ಕ್ಯಾಮೆರಾ, ಅವನ ಮೈಯೆಲ್ಲ ಬಿಳಿ ಚುಕ್ಕೆ ಅಂಟಿಸಿದ ಬಟ್ಟೆ. ಚುಕ್ಕೆ ಹೇಗೆ ಅಲುಗುತ್ತದೆ ಎಂದು ನೋಡಿ ಕಂಪ್ಯೂಟರ್ ನಡಿಗೆಯನ್ನು ಹಿಡಿದುಕೊಳ್ಳುತ್ತದಂತೆ. ಅವನು ಕುಂಟಿದ. ಮನಸ್ಸಿಟ್ಟೇ ಕುಂಟಿದ, ಪಾಪ. ನೋಡಿದ ಚೌಕದಮ್ಮ, ಇವನು ಕುಂಟುತ್ತಿದ್ದಾನೆ, ನನ್ನ ತಮ್ಮ ಕುಂಟುತ್ತಿರಲಿಲ್ಲ, ನಡೆಯುತ್ತಿದ್ದ ಎಂದಳು. ಮತ್ತೆ ಮಾಡಿಸಿದರು, ಮತ್ತೆ ಬೇಡ ಎಂದಳು. ನಾಲ್ಕನೆಯ ಸಲ ಹುಡುಗಿ, ಹಾಗಾದರೆ ನೀವೇ ನಡೀತೀರಾಮ್ಮ ಎಂದು ಮೆಲ್ಲಗೆ ಕೇಳಿದಳು.

ಎಡಗಾಲಿನ ಚಪ್ಪಲಿಗೆ ಒಂದು ಬೆರಳು ದಪ್ಪದ ಅಟ್ಟೆ ಅಂಟಿಸಿ ತರಲು ಅವಳೇ ಹೇಳಿದಳು. ಒಂದು ಕಾಲು ಎತ್ತರವಾದರೆ ಇನ್ನೊಂದು ತಾನಾಗಿ ಗಿಡ್ಡವಾಗುತ್ತದಲ್ಲ. ಬಟ್ಟೆಗೆ ಚುಕ್ಕೆ ಅಂಟಿಸಿಕೊಂಡು ಹಜಾರದ ತುದಿಯಲ್ಲಿ ನಿಂತಾಗ, ಈ ವಯಸ್ಸಿನಲ್ಲಿ ಇದೊಂದು ವೇಷ ಬಾಕಿಯಿತ್ತು ಎಂದು ಗೊಣಗಿದಳು. ಆಮೇಲೆ ಹೆಜ್ಜೆ ಇಟ್ಟಳು. ಎರಡು ಹೆಜ್ಜೆ ಎಡವಟ್ಟಾಯಿತು. ಮೂರನೆಯದರಿಂದ ಮೈಗೆ ನೆನಪಾಯಿತು. ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ನಡೆದವಳು ಅವಳು, ಅವನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು ಬೆಳೆದವಳು. ಹೆಗಲು ತಾನಾಗಿ ವಾಲಿತು, ಪಾದ ತಾನಾಗಿ ಎಳೆಯಿತು. ಹಜಾರದ ನೆಲದ ಮೇಲೆ ಗಟ್ಟಿಯಾಗಿ ಒಂದು, ಮೆತ್ತಗೆ ಒಂದು. ಬದಿಯಲ್ಲಿ ಕೂತು ಏನೋ ತಿನ್ನುತ್ತಿದ್ದ ನಟ ಎದ್ದು ಹತ್ತಿರ ಬಂದ.

ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಸಿದರು. ನಿಧಾನವಾಗಿ, ಬೇಗ ಬೇಗ, ತಿರುಗಿ, ಕೈಯಲ್ಲಿ ಲಾಂದ್ರ ಹಿಡಿದು. ಊಟದ ಹೊತ್ತಿಗೆ ಸೊಂಟದ ಬಲಗಡೆ ಏನೋ ಹಿಡಿದುಕೊಂಡಿತು. ವಯಸ್ಸು ಎಂದುಕೊಂಡು ಸುಮ್ಮನಾದಳು. ಊಟವಾದ ಮೇಲೆ ಮೆಟ್ಟಿಲು. ಮರದ ಹಲಗೆಯಲ್ಲಿ ಹದಿನಾಲ್ಕು ಮೆಟ್ಟಿಲು ಕಟ್ಟಿಟ್ಟಿದ್ದರು. ಒಂದು ಸಲ ಹತ್ತಿದಳು, ಸಾಲದು ಎಂದರು, ಇಳಿದು ಇನ್ನೊಂದು ಸಲ ಹತ್ತಿದಳು. ಎರಡನೆಯ ಸಲ ಅರ್ಧದಲ್ಲಿ ನೋವು ಸೊಂಟದಿಂದ ಹೊರಟು ಮೊಣಕಾಲಿಗೆ ಇಳಿಯಿತು. ಕಾಯಿಸಿದ ತಂತಿ ಎಳೆದ ಹಾಗೆ. ಹಲ್ಲು ಕಚ್ಚಿ ಹತ್ತುತ್ತಿದ್ದವಳು ಕೆಳಗೆ ನೋಡಿದರೆ ಅವಳ ಬಲಗೈ ಹೋಗಿ ಮೊಣಕಾಲನ್ನು ಒತ್ತಿ ಹಿಡಿದಿತ್ತು. ಯಾರೂ ಹೇಳಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ.

ಅವಳು ಅಲ್ಲೇ ನಿಂತುಬಿಟ್ಟಳು. ತಮ್ಮನೂ ಹೀಗೇ ಹಿಡಿಯುತ್ತಿದ್ದ. ಮೊಗಸಾಲೆಗೆ ಬಂದು ನಿಂತಾಗ ಅಂಗೈ ಮೊಣಕಾಲಿನ ಮೇಲೆ ಇರುತ್ತಿತ್ತು, ಅವಳು ತಲೆಯೆತ್ತಿದ ಕೂಡಲೇ ತೆಗೆದು ಜೇಬಿಗೆ ಹಾಕುತ್ತಿದ್ದ. ದಿನಾ ನೋಡಿದ್ದಳು. ಹದಿನಾರು ಚೌಕದಲ್ಲಿ ಆ ಕೈಗೆ ಜಾಗವಿರಲಿಲ್ಲ, ಬರೆಯಲಿಲ್ಲ. ಬರೆಯದ ಮೇಲೆ ಮರೆತೇಹೋಗಿತ್ತು.

ಹುಡುಗಿ ಕೆಳಗಿನಿಂದ, ಸಾಕಮ್ಮಾ, ಸಿಕ್ಕಿತು, ಇಳಿದುಬನ್ನಿ ಎಂದು ಕೂಗಿದಳು. ಚೌಕದಮ್ಮ ಇಳಿಯಲಿಲ್ಲ.

"ಇದು ನೋಯುತ್ತೆ," ಎಂದಳು. "ಅವನಿಗೆ ನೋಯ್ತಿತ್ತು ಕಣಮ್ಮ, ಒಂದೊಂದು ಹೆಜ್ಜೆಗೂ. ದಿನಾ ಮೂರು ಮಹಡಿ ಹತ್ತಿ ಬರ್ತಿದ್ದ. ನಾನು ಒಂದು ದಿನವೂ ಕೇಳಲಿಲ್ಲ."

ಗಂಡ ಹಜಾರದ ಮೂಲೆಯಲ್ಲಿ ಕೂತಿದ್ದವನು ಎದ್ದು ಬಂದು, ಮೆಟ್ಟಿಲ ಬುಡದಲ್ಲಿ ನಿಂತು, ಇಳಿಯಲು ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ಇನ್ನೂ ಏಳು ಮೆಟ್ಟಿಲು ಬಾಕಿಯಿತ್ತು. ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಅಷ್ಟನ್ನೂ ಹತ್ತಿದಳು.